ಎಲ್ಲ ಸ್ಯಾಂಪಲ್ ಪಾಸ್ ಅಂತ ರಿಪೋರ್ಟ್ ಬಂದರೆ ಏನು ಕೇಳಬೇಕು?

ಪ್ರಶ್ನೆ: ನಾನು ನಿವೃತ್ತ ಟೀಚರ್. ಮೊದಲ ಸಲ ಸ್ಥಳೀಯ ಸಂಸ್ಥೆಗೆ ಆಯ್ಕೆಯಾಗಿದ್ದೇನೆ. ಆರೋಗ್ಯ ಮತ್ತು ನೈರ್ಮಲ್ಯ ಸಮಿತಿಗೆ ಹಾಕಿದ್ದಾರೆ. ಇಲ್ಲಿವರೆಗೆ ಮೂರು ಸಭೆ ಆಗಿದೆ. ಪ್ರತಿ ಸಭೆಯಲ್ಲೂ ನಲವತ್ತು ಪುಟದ ರಿಪೋರ್ಟ್ ಕೊಡುತ್ತಾರೆ. ನೀರಿನ ಸ್ಯಾಂಪಲ್ ಎಲ್ಲ ಪಾಸ್, ಹೋಟೆಲ್ ತಪಾಸಣೆಯ ಗುರಿ ಪೂರ್ತಿ, ಸೊಳ್ಳೆ ಲಾರ್ವಾ ಸಮೀಕ್ಷೆ ಮುಗಿದಿದೆ. ಏನಾದರೂ ಕೇಳಿದರೆ "ಇದು ಟೆಕ್ನಿಕಲ್ ವಿಷಯ ಮೇಡಂ" ಅನ್ನುತ್ತಾರೆ. ನನಗೆ ವಿಜ್ಞಾನದ ಹಿನ್ನೆಲೆ ಇಲ್ಲ, ನಾನು ಭಾಷಾ ಶಿಕ್ಷಕಿ. ಸುಮ್ನೆ ಸಹಿ ಹಾಕಿ ಬರಲು ಮನಸ್ಸು ಒಪ್ಪುತ್ತಿಲ್ಲ. ನಾನು ಏನು ನೋಡಬೇಕು, ಏನು ಕೇಳಬೇಕು?

ಉತ್ತರ: "ಟೆಕ್ನಿಕಲ್ ವಿಷಯ" ಅನ್ನುವ ಮಾತನ್ನು ನಾನು ಮೇಜಿನ ಎರಡೂ ಕಡೆ ಕೂತು ಕೇಳಿದ್ದೇನೆ. ನೀರು ಸರಬರಾಜು ವಿಭಾಗದಲ್ಲಿದ್ದಾಗ ನಾನೇ ಎಷ್ಟೋ ಸಲ ಆಡಿದ್ದೂ ಇದೆ. ಒಪ್ಪಿಕೊಳ್ಳುತ್ತೇನೆ, ಉತ್ತರ ಗೊತ್ತಿಲ್ಲದಾಗಲೇ ಆ ಮಾತು ಜಾಸ್ತಿ ಬಾಯಿಗೆ ಬರುತ್ತಿತ್ತು.

ನೀರು ಪರೀಕ್ಷೆ ಮಾಡುವುದು ನಿಮ್ಮ ಕೆಲಸ ಅಲ್ಲ. ಆ ಕಾಗದದಲ್ಲಿರುವ ಅಂಕಿ ಅಲ್ಲಿಗೆ ಹೇಗೆ ಬಂತು ಅಂತ ಕೇಳುವುದು ನಿಮ್ಮ ಕೆಲಸ. ಅದಕ್ಕೆ ವಿಜ್ಞಾನದ ಡಿಗ್ರಿ ಬೇಕಿಲ್ಲ. ಉತ್ತರ ಪತ್ರಿಕೆ ತಿದ್ದಿದ ಅನುಭವ ಸಾಕು. ಕೊನೆಯ ಬೆಂಚಿನ ನಾಲ್ಕು ಮಕ್ಕಳು ಒಂದೇ ಪದವನ್ನು ಒಂದೇ ಥರ ತಪ್ಪು ಬರೆದಿದ್ದರೆ ನಿಮಗೆ ತಕ್ಷಣ ಗೊತ್ತಾಗುತ್ತದೆ ಅಲ್ವಾ? ಆ ಕಣ್ಣು ಇಲ್ಲೂ ಕೆಲಸಕ್ಕೆ ಬರುತ್ತದೆ. ಹೇಗೆ ಅಂತ ಒಂದು ನಿಜ ಘಟನೆಯಿಂದ ಹೇಳುತ್ತೇನೆ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಅಂತ ಒಂದು ಚಿಕ್ಕ ಊರು. ಜನಸಂಖ್ಯೆ ಐದು ಸಾವಿರದ ಒಳಗೆ. 2000ದ ಮೇ ತಿಂಗಳಲ್ಲಿ ಜೋರು ಮಳೆ ಬಂತು. ಹೊಲದ ದನದ ಗೊಬ್ಬರದಲ್ಲಿದ್ದ ರೋಗಾಣು ಊರಿಗೆ ನೀರು ಕೊಡುವ ಒಂದು ಬಾವಿಗೆ ಇಳಿಯಿತು. ಬಾವಿ ಆಳ ಇರಲಿಲ್ಲ. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 7 ಜನ ಸತ್ತರು. ಆ ರೋಗಾಣುವಿನ ಹೆಸರು ಇ. ಕೋಲೈ O157 ಅಂತ. ಹೆಸರು ಮರೆತರೂ ಪರವಾಗಿಲ್ಲ, ರಿಜಿಸ್ಟರಿನ ಕಥೆ ಮರೆಯಬೇಡಿ.

ಅಲ್ಲಿ ಪ್ರತಿ ಬಾವಿಯ ಹತ್ತಿರ ದಿನಾ ನೀರಿನಲ್ಲಿ ರೋಗಾಣು ಕೊಲ್ಲಲು ಹಾಕಿದ ಕ್ಲೋರಿನ್ ಎಷ್ಟು ಉಳಿದಿದೆ ಅಂತ ಅಳೆದು ಬರೆಯಬೇಕಿತ್ತು. ಬಾವಿಯ ನೀರು ಮಳೆಗೆ, ಬಿಸಿಲಿಗೆ ಬದಲಾಗುತ್ತದೆ. ಪಂಪ್ ಓಡುವ ಹೊತ್ತು ಬದಲಾಗುತ್ತದೆ. ನಿಜವಾಗಿ ಅಳೆದಿದ್ದರೆ ಅಂಕಿಯೂ ಏರಿಳಿಯಬೇಕು. ಅಲ್ಲಿನ ಹಾಳೆಗಳಲ್ಲಿ ದಿನಾ ಹೆಚ್ಚುಕಡಿಮೆ ಎರಡೇ ಅಂಕಿ: ಲೀಟರಿಗೆ ಒಂದೋ 0.5 ಮಿಲಿಗ್ರಾಂ, ಇಲ್ಲವೇ 0.75. ನಿಯಮದ ಪ್ರಕಾರ ಕನಿಷ್ಠ 0.5 ಇರಬೇಕಿತ್ತು. ಆಪರೇಟರ್‌ಗಳು ಅಳೆಯದೆ ಬರೆಯುತ್ತಿದ್ದರು ಅಂತ ಆಮೇಲೆ ನಡೆದ ನ್ಯಾಯಾಂಗ ವಿಚಾರಣೆಯಲ್ಲಿ ಹೊರಬಿತ್ತು. ಲ್ಯಾಬಿಗೆ ಕಳಿಸುವ ಸ್ಯಾಂಪಲ್‌ಗಳದ್ದೂ ಅದೇ ಕಥೆ. ತಮಗೆ ಅನುಕೂಲವಾದ ಜಾಗದಲ್ಲಿ ಬಾಟಲಿ ತುಂಬಿಸಿ, ಲೇಬಲ್ ಮೇಲೆ ಬೇರೆ ಜಾಗದ ಹೆಸರು ಬರೆಯುತ್ತಿದ್ದರು.

ನಿಮಗೆ ಮುಖ್ಯವಾದದ್ದು ಇನ್ನು ಮುಂದಿನದು. ಆ ನೀರು ಸರಬರಾಜು ಸಂಸ್ಥೆಯ ಮೇಲೆ ಊರವರೇ ಆರಿಸಿದ ಕಮಿಷನರ್‌ಗಳಿದ್ದರು. ಹೆಚ್ಚುಕಡಿಮೆ ನೀವು ಕೂತಿರುವ ಕುರ್ಚಿಯೇ ಅನ್ನಿ. 1998ರಲ್ಲಿ, ಅಂದರೆ ದುರಂತಕ್ಕೆ ಎರಡು ವರ್ಷ ಮೊದಲೇ, ಸರ್ಕಾರದ ತಪಾಸಣಾ ವರದಿ ಅವರ ಕೈಗೆ ಬಂದಿತ್ತು. ನೀರಿನಲ್ಲಿ ಇ. ಕೋಲೈ ಮತ್ತೆ ಮತ್ತೆ ಸಿಕ್ಕಿದೆ, ಕ್ಲೋರಿನ್ ಕಡಿಮೆ ಇದೆ ಅಂತ ಅದರಲ್ಲಿ ಬರೆದಿತ್ತು. ಅವರು ಮ್ಯಾನೇಜರನ್ನು ಕೇಳಿದರು. ಸರಿಮಾಡುತ್ತೇನೆ ಅಂದ. ನಂಬಿದರು. ಸರಿಮಾಡಿದನಾ ಅಂತ ತಿರುಗಿ ಕೇಳಲಿಲ್ಲ. ಅವರು ಕೆಟ್ಟವರಲ್ಲ. ನಮಗೆ ಟೆಕ್ನಿಕಲ್ ವಿಷಯ ಗೊತ್ತಿಲ್ಲ, ಗೊತ್ತಿರುವವರು ನೋಡಿಕೊಳ್ಳುತ್ತಾರೆ ಅಂದುಕೊಂಡವರು, ಅಷ್ಟೇ.

ಹಾಗಾಗಿ ಮೊದಲನೆಯದು, ರಿಪೋರ್ಟ್ ಬೇಡ, ರಿಜಿಸ್ಟರ್ ಕೇಳಿ. ರಿಪೋರ್ಟ್ ಅನ್ನುವುದು ಆಫೀಸಿನಲ್ಲಿ ಕೂತು ಟೈಪ್ ಮಾಡಿದ್ದು. ರಿಜಿಸ್ಟರ್ ಅನ್ನುವುದು ಪಂಪ್‌ಹೌಸಿನಲ್ಲಿ ಒದ್ದೆ ಕೈಯಲ್ಲಿ ಬರೆದದ್ದು. ಒಮ್ಮೆ ನಾನು ಒಂದು ನೀರು ಶುದ್ಧೀಕರಣ ಘಟಕಕ್ಕೆ ಹೋಗಿದ್ದೆ. ರಿಜಿಸ್ಟರ್ ತೋರಿಸಿದರು. ಆರು ವಾರದ್ದು, ದಿನಕ್ಕೆ ಎರಡು ಸಲ ಅಳೆದ ಅಂಕಿ, ಒಂದೂ ತಪ್ಪಿಲ್ಲ. ಆದರೆ ಹಾಳೆ ಈಗಷ್ಟೇ ಅಂಗಡಿಯಿಂದ ತಂದಂತೆ ಗರಿಗರಿ ಇತ್ತು. ಆರು ವಾರಕ್ಕೂ ಒಂದೇ ಪೆನ್ನಿನ ಒಂದೇ ನೀಲಿ. ಅನುಮಾನ ಬಂತು. ಕ್ಲೋರಿನ್ ಅಳೆಯುವ ಕಿಟ್ ಎಲ್ಲಿ ಅಂದೆ. ಹುಡುಕಿ ತಂದರು. ಬಣ್ಣ ಬರಿಸುವ ದ್ರಾವಣದ ಬಾಟಲಿಯ ಸೀಲ್ ಇನ್ನೂ ಒಡೆದಿರಲಿಲ್ಲ. ನಾನು ಏನೂ ಮಾತಾಡಲಿಲ್ಲ. ಬಾಟಲಿಯನ್ನು ರಿಜಿಸ್ಟರ್ ಮೇಲೆ ಇಟ್ಟೆ, ಅಷ್ಟೇ. ಆಪರೇಟರ್ ತಲೆ ತಗ್ಗಿಸಿದ. ಅವನೊಬ್ಬನದೇ ತಪ್ಪು ಅಂತಲೂ ನನಗೆ ಅನ್ನಿಸಲಿಲ್ಲ. ಆ ಕಿಟ್ ಬಳಸುವುದು ಹೇಗೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಕ್ಲೋರಿನ್ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ರೋಗಾಣು ಪರೀಕ್ಷೆಯ ಫಲಿತಾಂಶ ಬರಲು 18ರಿಂದ 24 ಗಂಟೆ ಬೇಕು, ಅದೂ ಬಾಟಲಿ ಲ್ಯಾಬ್ ಮುಟ್ಟಿದ ಮೇಲೆ. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಜನ ಆ ನೀರು ಕುಡಿದು ಆಗಿರುತ್ತದೆ. ಕ್ಲೋರಿನ್ ಹಾಗಲ್ಲ, ನಲ್ಲಿಯ ಹತ್ತಿರ ನಿಂತೇ ನಿಮಿಷದಲ್ಲಿ ಗೊತ್ತಾಗುತ್ತದೆ. ಮನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿನ್ನೆವರೆಗೆ 0.4 ಇದ್ದದ್ದು ಇವತ್ತು ಸೊನ್ನೆಗೆ ಇಳಿದಿದೆ ಅಂದರೆ ಎಲ್ಲೋ ಏನೋ ಕೊಳಕು ಸೇರಿ ಕ್ಲೋರಿನ್ ತಿಂದುಹಾಕಿದೆ, ಇಲ್ಲವೇ ಕ್ಲೋರಿನ್ ಹಾಕುವ ಯಂತ್ರ ನಿಂತಿದೆ. ಎರಡೂ ಅವತ್ತೇ ಗೊತ್ತಾಗಬೇಕಾದ ಸಂಗತಿ. ವಾಕರ್ಟನ್‌ನ ಆ ಬಾವಿಗೆ ಕ್ಲೋರಿನ್ ಎಷ್ಟಿದೆ, ನೀರು ಎಷ್ಟು ಕದಡಿದೆ ಅಂತ ಸದಾ ಅಳೆಯುವ ಮೀಟರ್ ಇದ್ದಿದ್ದರೆ ದುರಂತವೇ ತಪ್ಪುತ್ತಿತ್ತು ಅಂತ ವಿಚಾರಣಾ ವರದಿ ಹೇಳಿತು.

ರೋಗಾಣು ಪರೀಕ್ಷೆಯ ಸ್ಯಾಂಪಲ್ ಬಗ್ಗೆ ಕೇಳುವಾಗ ಬಾಟಲಿಯ ಪ್ರಯಾಣ ಕೇಳಿ. ಯಾವ ನಲ್ಲಿ? ಟ್ಯಾಂಕಿನ ಪಕ್ಕದ್ದೋ, ಪೈಪಿನ ತುತ್ತತುದಿಯ ಮನೆಯದ್ದೋ? ಎಷ್ಟು ಗಂಟೆಗೆ ತುಂಬಿಸಿದರು, ಲ್ಯಾಬ್ ಎಷ್ಟು ಗಂಟೆಗೆ ತಗೊಂಡಿತು? ಐಸ್ ಡಬ್ಬದಲ್ಲಿ ಹೋಯಿತಾ, ಬೈಕಿನ ಡಿಕ್ಕಿಯಲ್ಲಿ ಬಿಸಿಲಲ್ಲಿ ಹೋಯಿತಾ? ಬಾಟಲಿಯೊಳಗೆ ಕ್ಲೋರಿನ್ ಕೊಲ್ಲುವ ರಾಸಾಯನಿಕ ಮೊದಲೇ ಹಾಕಿರುತ್ತಾರೆ. ಅದು ಇಲ್ಲದಿದ್ದರೆ ನೀರಲ್ಲಿದ್ದ ಕ್ಲೋರಿನ್ ದಾರಿಯಲ್ಲೇ ರೋಗಾಣು ಸಾಯಿಸಿ, ಲ್ಯಾಬಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಈ ಪ್ರಶ್ನೆ ಕೇಳಿ ನೋಡಿ, ಮತ್ತೆ ಯಾರೂ ನಿಮಗೆ ಟೆಕ್ನಿಕಲ್ ಅನ್ನುವುದಿಲ್ಲ.

ಇನ್ನೊಂದು: ಫೇಲ್ ಆದರೆ ಲ್ಯಾಬ್ ಯಾರಿಗೆ ಫೋನ್ ಮಾಡುತ್ತದೆ? ವಾಕರ್ಟನ್‌ನಲ್ಲಿ ಮೇ 17ಕ್ಕೇ ಲ್ಯಾಬ್ ಫಲಿತಾಂಶ ಕಳಿಸಿತ್ತು, ನೀರು ಸರಬರಾಜಿನವರಿಗೆ ಮಾತ್ರ. ಆರೋಗ್ಯ ಇಲಾಖೆಗೆ ಹೇಳಬೇಕು ಅಂತ ಆಗ ಕಾನೂನಿರಲಿಲ್ಲ. ಆರೋಗ್ಯ ಇಲಾಖೆಯವರು ತಾವಾಗಿ ಫೋನ್ ಮಾಡಿ ಕೇಳಿದಾಗ ಮ್ಯಾನೇಜರ್ ನೀರು ಚೆನ್ನಾಗಿದೆ ಅಂದ. ಕುದಿಸಿ ಕುಡಿಯಿರಿ ಅನ್ನುವ ಎಚ್ಚರಿಕೆ ಹೊರಟಿದ್ದು 21ಕ್ಕೆ. ನಿಮ್ಮಲ್ಲಿ ಲ್ಯಾಬಿನ ಕೆಟ್ಟ ಸುದ್ದಿ ಒಂದೇ ಮೇಜಿಗೆ ಹೋಗುತ್ತದಾ, ಎರಡು ಮೇಜಿಗೆ ಹೋಗುತ್ತದಾ? ಲ್ಯಾಬಿಗೆ ದುಡ್ಡು ಕೊಡುವವರು ಯಾರು? ನೀರು ಕೊಡುವ ಗುತ್ತಿಗೆದಾರನೇ ಲ್ಯಾಬಿನ ಬಿಲ್ಲೂ ಕಟ್ಟುತ್ತಾನೆ ಅಂದರೆ ಮಗು ತನ್ನ ಉತ್ತರ ಪತ್ರಿಕೆ ತಾನೇ ತಿದ್ದಿಕೊಂಡ ಹಾಗೆ.

ಎರಡನೆಯದು, ಎಣಿಕೆಯಿಂದ ಏನೇನು ಬಿಟ್ಟುಹೋಗಿದೆ ಅನ್ನುವುದು. ಅಮೆರಿಕದ ಮಿಷಿಗನ್ ರಾಜ್ಯದ ಫ್ಲಿಂಟ್ ನಗರದ ಹೆಸರು ಕೇಳಿರಬಹುದು. ಖರ್ಚು ಉಳಿಸಲು 2014ರ ಏಪ್ರಿಲ್‌ನಲ್ಲಿ ನೀರಿನ ಮೂಲ ಬದಲಿಸಿ ಫ್ಲಿಂಟ್ ನದಿಗೆ ಬಂದರು. ಪೈಪ್ ಕೊರೆಯದಂತೆ ಹಾಕಬೇಕಾದ ರಾಸಾಯನಿಕ ಹಾಕಲಿಲ್ಲ. ಹಳೇ ಪೈಪುಗಳಿಂದ ಸೀಸ (ಲೆಡ್) ಅನ್ನುವ ವಿಷಕಾರಿ ಲೋಹ ಕರಗಿ ನೀರಿಗೆ ಬಂತು. ಆದರೂ ಕಾಗದದಲ್ಲಿ ನಗರ ಪಾಸಾಗಿತ್ತು. ಹೇಗೆ? 2015ರ ಮೊದಲ ಆರು ತಿಂಗಳಲ್ಲಿ 71 ಸ್ಯಾಂಪಲ್ ಸಿಕ್ಕಿದ್ದವು. ಆಮೇಲೆ ಎರಡನ್ನು ತೆಗೆದು 69 ಮಾಡಿದರು. ಆಗಿನ ನಿಯಮ ಹೇಳುತ್ತಿದ್ದದ್ದು, ಹತ್ತರಲ್ಲಿ ಒಂಬತ್ತು ಮನೆಯ ನೀರಿನಲ್ಲಿ ಸೀಸ ಲೀಟರಿಗೆ 15 ಮೈಕ್ರೋಗ್ರಾಂ ದಾಟಬಾರದು ಅಂತ. ಎರಡನ್ನೂ ಸೇರಿಸಿದ್ದರೆ ಗೆರೆ ದಾಟುತ್ತಿತ್ತು. ತೆಗೆದ ಮೇಲೆ ನಗರದ ಅಂಕಿ 11ಕ್ಕೆ ಇಳಿಯಿತು. ತೆಗೆದದ್ದರಲ್ಲಿ ಒಂದು ಮನೆಯ ಅಂಕಿ 104. ಆ ಮನೆಯಲ್ಲಿ ಫಿಲ್ಟರ್ ಇತ್ತು, ಹಾಗಾಗಿ ನಿಯಮದಂತೆ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾರಣ ಕೊಟ್ಟರು. ಸ್ವಲ್ಪ ನಿಂತು ಯೋಚಿಸಿ. ಫಿಲ್ಟರ್ ಇದ್ದೂ 104!

ಇದಲ್ಲದೆ, ಸ್ಯಾಂಪಲ್ ಹಿಡಿಯುವ ಹಿಂದಿನ ರಾತ್ರಿ ಕೆಲವು ನಿಮಿಷ ನಲ್ಲಿ ಬಿಟ್ಟು ನೀರು ಹರಿಸಿ ಅಂತ ಮನೆಯವರಿಗೆ ಸೂಚನೆ ಹೋಗಿತ್ತು. ಪೈಪಿನಲ್ಲಿ ನಿಂತಿದ್ದ ಸೀಸ ಅದರಲ್ಲೇ ಹೊರಟುಹೋಗುತ್ತದೆ. ಇದನ್ನೆಲ್ಲ ಹಿಡಿದವರು ಆಫೀಸಿನವರಲ್ಲ. ಒಬ್ಬ ಗೃಹಿಣಿ, ವರ್ಜೀನಿಯಾ ಟೆಕ್‌ನ ಪ್ರೊಫೆಸರ್ ಮಾರ್ಕ್ ಎಡ್ವರ್ಡ್ಸ್, ಮಕ್ಕಳ ವೈದ್ಯೆ ಮೋನಾ ಹನ್ನಾ ಅತೀಶಾ. ರಕ್ತದಲ್ಲಿ ಸೀಸ ಜಾಸ್ತಿ ಇರುವ ಮಕ್ಕಳ ಪ್ರಮಾಣ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ ಅಂತ ಆ ವೈದ್ಯೆ 2015ರ ಸೆಪ್ಟೆಂಬರ್‌ನಲ್ಲಿ ತೋರಿಸಿದರು. ಅಕ್ಟೋಬರ್‌ನಲ್ಲಿ ನಗರ ಹಳೇ ನೀರಿಗೆ ವಾಪಸ್ ಹೋಯಿತು.

ಹಾಗಾಗಿ ನಿಮ್ಮ ಎರಡನೇ ಪ್ರಶ್ನೆ ಹೀಗಿರಲಿ: ಎಷ್ಟು ಸ್ಯಾಂಪಲ್ ತೆಗೆದಿರಿ, ಎಷ್ಟನ್ನು ಲೆಕ್ಕಕ್ಕೆ ಸೇರಿಸಿದಿರಿ, ಬಿಟ್ಟದ್ದು ಯಾವುದು, ಯಾಕೆ? ಈ ಪ್ರಶ್ನೆ ನೀರಿಗೆ ಮಾತ್ರ ಅಲ್ಲ. ಲಾರ್ವಾ ಸಮೀಕ್ಷೆಗೆ ಹಾಕಿ ನೋಡಿ. ನೂರು ಮನೆ ನೋಡಿದರೆ ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಅನ್ನುವುದನ್ನು ಹೌಸ್ ಇಂಡೆಕ್ಸ್ ಅನ್ನುತ್ತಾರೆ. ಬಾಗಿಲು ಹಾಕಿದ್ದ ಮನೆಗಳನ್ನು ಏನು ಮಾಡಿದರು? "ನೋಡಿದೆ, ಲಾರ್ವಾ ಇಲ್ಲ" ಅಂತ ಬರೆದರೆ ಇಂಡೆಕ್ಸ್ ಸುಮ್ನೆ ಕೆಳಗಿಳಿಯುತ್ತದೆ. ನಿಜದಲ್ಲಿ ಬೀಗ ಹಾಕಿದ ಮನೆಯ ತಾರಸಿಯ ತೊಟ್ಟಿ, ಹೂಕುಂಡದ ತಟ್ಟೆಗಳೇ ಸೊಳ್ಳೆಗೆ ಸ್ವರ್ಗ. ಡೆಂಗಿ ಸೊಳ್ಳೆ ಮೊಟ್ಟೆಯಿಂದ ಹಾರುವ ಮಟ್ಟಕ್ಕೆ ಬರಲು ವಾರದಿಂದ ಹತ್ತು ದಿನ ಸಾಕು. ಅಂದಮೇಲೆ ತಿಂಗಳಿಗೊಂದು ಸಲದ ಸಮೀಕ್ಷೆ ಯಾರಿಗೆ ಅನುಕೂಲ, ನಮಗಾ ಸೊಳ್ಳೆಗಾ?

ಹೋಟೆಲ್ ತಪಾಸಣೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗುರಿ ಪೂರ್ತಿ ಅನ್ನುವುದು ಇನ್ಸ್‌ಪೆಕ್ಟರ್ ಎಷ್ಟು ಬಾಗಿಲು ಹತ್ತಿದ ಅನ್ನುವ ಲೆಕ್ಕ. ಅಡುಗೆಮನೆ ಸ್ವಚ್ಛ ಆಯಿತಾ ಅನ್ನುವುದಲ್ಲ. ತಪ್ಪು ಸಿಕ್ಕಿದ್ದೆಷ್ಟು, ಎರಡನೇ ಭೇಟಿ ಯಾವತ್ತು, ಆಗ ಸರಿಯಾಗಿತ್ತಾ, ಇಷ್ಟು ಕೇಳಿ. ಅಂಕ ಕೊಡುವ ಪದ್ಧತಿ ಇದ್ದರೆ ಅಂಕಗಳೆಲ್ಲ ಎಲ್ಲಿ ಗುಂಪುಗೂಡಿವೆ ನೋಡಿ. ನ್ಯೂಯಾರ್ಕ್ 2010ರಿಂದ ಹೋಟೆಲ್‌ಗಳಿಗೆ ಎ, ಬಿ, ಸಿ ದರ್ಜೆ ಕೊಡುತ್ತಿದೆ. ತಪ್ಪಿನ ಅಂಕ 13ರವರೆಗೆ ಇದ್ದರೆ ಎ. ಸರಿಯಾಗಿ ಆ ಗೆರೆಯ ಒಳಗೇ ತುಂಬ ಹೋಟೆಲ್‌ಗಳು ಬಂದು ನಿಲ್ಲುವುದನ್ನು ಅಲ್ಲಿ ಜನ ಗಮನಿಸಿದ್ದಾರೆ. ಮೂವತ್ತೈದು ಮಾರ್ಕಿಗೆ ಪಾಸ್ ಅಂದರೆ ಮೂವತ್ನಾಲ್ಕು ತಗೊಂಡವನು ಯಾಕೆ ಅಪರೂಪ ಅಂತ ನಿಮಗೆ ನಾನು ವಿವರಿಸಬೇಕಾ?

ಮೂರನೆಯದು, ಆಫೀಸಿನ ಹೊರಗಿನ ಸದ್ದು ಕೇಳಿಸಿಕೊಳ್ಳಿ. ಫ್ಲಿಂಟ್‌ನಲ್ಲಿ ಜನ ಕಂದು ಬಣ್ಣದ ನೀರಿನ ಬಾಟಲಿ ಹಿಡಿದು ಸಭೆಗೆ ಬಂದರು. ವಾಕರ್ಟನ್‌ನಲ್ಲಿ ಮೊದಲು ಗಂಟೆ ಬಾರಿಸಿದ್ದು ಬೇರೆ ಊರಿನ ಮಕ್ಕಳ ವೈದ್ಯೆ. ರಕ್ತಭೇದಿಯಾದ ಮಕ್ಕಳು ಬಂದದ್ದು ನೋಡಿ ಅವರೇ ಆರೋಗ್ಯ ಇಲಾಖೆಗೆ ಫೋನ್ ಮಾಡಿದರು. ಭೇದಿ ನಿಲ್ಲಿಸುವ ಮಾತ್ರೆ ಒಂದೇ ವಾರದಲ್ಲಿ ಜಾಸ್ತಿ ಖರ್ಚಾಯಿತು ಅಂತ ಔಷಧಿ ಅಂಗಡಿಯವರಿಗೆ ಗೊತ್ತಿರುತ್ತದೆ. ಒಂದೇ ಬೀದಿಯ ಮಕ್ಕಳು ಒಟ್ಟಿಗೆ ರಜೆ ಹಾಕಿದರೆ ಶಾಲೆಗೆ ಗೊತ್ತಿರುತ್ತದೆ. ಇದು ನಿಮ್ಮ ಹಳೇ ಬಳಗ, ಫೋನ್ ನಂಬರ್ ನಿಮ್ಮ ಹತ್ತಿರವೇ ಇರುತ್ತದೆ. ದೂರುಗಳ ರಿಜಿಸ್ಟರನ್ನೂ ನೀರಿನ ರಿಪೋರ್ಟನ್ನೂ ಅಕ್ಕಪಕ್ಕ ಇಟ್ಟು ನೋಡಿ. ನೀರು ವಾಸನೆ ಅಂತ ಹದಿನೈದು ದೂರು ಬಂದ ಬಡಾವಣೆಯಿಂದ ಒಂದೂ ಸ್ಯಾಂಪಲ್ ತೆಗೆದಿಲ್ಲ ಅಂದರೆ ಅಲ್ಲಿಗೆ ನಿಮ್ಮ ಪ್ರಶ್ನೆ ತಾನಾಗಿ ಸಿಕ್ಕಿತು.

ಮುಂದೂಡಿದ ಕಾಮಗಾರಿಗಳ ಪಟ್ಟಿಯನ್ನೂ ವರ್ಷಕ್ಕೊಮ್ಮೆ ತರಿಸಿ. ಜರ್ಮನಿಯ ಹ್ಯಾಂಬರ್ಗ್ ನಗರ ನೀರು ಸೋಸುವ ಘಟಕವನ್ನು ಖರ್ಚಿನ ನೆಪದಲ್ಲಿ ಎಳೆಯುತ್ತಾ ಬಂದಿತ್ತು. ಪಕ್ಕಕ್ಕೇ ಅಂಟಿಕೊಂಡಿದ್ದ ಅಲ್ಟೋನಾ ಅದೇ ಎಲ್ಬೆ ನದಿಯ ನೀರನ್ನು, ಅದೂ ಹ್ಯಾಂಬರ್ಗ್‌ನ ಕೊಳಕು ಸೇರಿದ ಮೇಲಿನ ನೀರನ್ನು, ಮರಳಿನಲ್ಲಿ ಸೋಸಿ ಕೊಡುತ್ತಿತ್ತು. 1892ರಲ್ಲಿ ಕಾಲರಾ ಬಂತು. ಹ್ಯಾಂಬರ್ಗ್‌ನಲ್ಲಿ ಸುಮಾರು 8,600 ಜನ ಸತ್ತರು. ಎರಡೂ ಊರಿನ ಗಡಿಯಾಗಿದ್ದ ಬೀದಿಯಲ್ಲಿ ಒಂದು ಬದಿಯ ಮನೆಗಳಲ್ಲಿ ಕಾಲರಾ, ಎದುರು ಬದಿಯಲ್ಲಿ ಇಲ್ಲ. ಗಾಳಿ ಒಂದೇ, ಮಣ್ಣು ಒಂದೇ, ಪೈಪು ಬೇರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಮೇಲ್ವಿಚಾರಣೆ ಬೇರೆ, ಕೈ ಹಾಕುವುದು ಬೇರೆ. ಯಾವ ಹೋಟೆಲಿಗೆ ನೋಟಿಸ್ ಕೊಡಬೇಕು, ಯಾವುದನ್ನು ಬಿಡಬೇಕು ಅಂತ ಇನ್ಸ್‌ಪೆಕ್ಟರಿಗೆ ಫೋನ್ ಮಾಡುವ ಸದಸ್ಯರು ಎಲ್ಲ ಕಡೆ ಇರುತ್ತಾರೆ. ಒಂದು ಸಲ ಅಂಥ ಫೋನ್ ಹೋದರೆ ಸಾಕು, ಆಮೇಲೆ ನಿಮ್ಮ ಯಾವ ಪ್ರಶ್ನೆಗೂ ಬೆಲೆ ಇರುವುದಿಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ 1847ರಲ್ಲಿ ವಿಲಿಯಂ ಹೆನ್ರಿ ಡಂಕನ್ ಅನ್ನುವ ವೈದ್ಯರನ್ನು ನಗರದ ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಆ ದೇಶದಲ್ಲಿ ಅದೇ ಮೊದಲು. ಅಲ್ಲಿಂದ ಇಲ್ಲಿವರೆಗೂ ಆ ಹುದ್ದೆಯ ಕಷ್ಟ ಒಂದೇ: ಸಂಬಳ ಕೊಡುವವರಿಗೇ ಬೇಡದ ಸುದ್ದಿ ಹೇಳಬೇಕು.

ನನ್ನ ಅನುಭವದಲ್ಲಿ ಸುಳ್ಳು ಅಂಕಿ ಹುಟ್ಟುವುದು ಹೆಚ್ಚಾಗಿ ಇಲ್ಲೇ. ಒಬ್ಬ ಅಧಿಕಾರಿ ಮೂರು ಸ್ಯಾಂಪಲ್ ಫೇಲ್ ಅಂತ ಸಭೆಗೆ ಹೇಳುತ್ತಾನೆ. ಸದಸ್ಯರು ಮುಗಿಬೀಳುತ್ತಾರೆ. ಮರುದಿನ ಪೇಪರಿನಲ್ಲಿ ಬರುತ್ತದೆ. ಮುಂದಿನ ತಿಂಗಳು ಎಲ್ಲ ಪಾಸ್. ನೀರು ಬದಲಾಗಿರುವುದಿಲ್ಲ, ಅಧಿಕಾರಿ ಪಾಠ ಕಲಿತಿರುತ್ತಾನೆ. ಆದ್ದರಿಂದ ಫೇಲ್ ಅಂತ ಹೇಳಿದವರಿಗೆ ಸಭೆಯಲ್ಲೇ ಥ್ಯಾಂಕ್ಸ್ ಹೇಳಿ. ವರ್ಷವಿಡೀ ಒಂದೂ ಫೇಲ್ ಇಲ್ಲ ಅನ್ನುವವರನ್ನು ಮಾತ್ರ ಕೂರಿಸಿ ಕೇಳಿ. ಹಳೇ ಪೈಪು, ಆಗಾಗ ಒಡೆಯುವ ರಸ್ತೆ, ಹೊತ್ತಿಗೊಂದು ಪ್ರೆಶರ್ ಇರುವ ಊರಲ್ಲಿ ಒಂದೂ ಫೇಲ್ ಆಗದಿದ್ದರೆ ಅದು ನೀರಿನ ಗುಣ ಅಲ್ಲ, ಸ್ಯಾಂಪಲ್ ತೆಗೆಯುವವರ ಗುಣ.

ನಿಮ್ಮ ಅಧಿಕಾರ ಎಲ್ಲಿವರೆಗೆ ಅನ್ನುವುದನ್ನೂ ತಿಳಿದಿರಿ. ಫ್ಲಿಂಟ್‌ನಲ್ಲಿ 2015ರ ಮಾರ್ಚ್‌ನಲ್ಲೇ ಕೌನ್ಸಿಲ್ 7-1 ಮತದಿಂದ ನದಿ ನೀರು ಬೇಡ ಅಂತ ನಿರ್ಣಯ ಮಾಡಿತ್ತು. ಆದರೆ ಅಧಿಕಾರ ಇದ್ದದ್ದು ರಾಜ್ಯ ನೇಮಿಸಿದ ತುರ್ತು ಮ್ಯಾನೇಜರ್ ಕೈಯಲ್ಲಿ. ಆತ ಒಪ್ಪಲಿಲ್ಲ. ನಿರ್ಣಯದಿಂದ ನೀರು ಬದಲಾಗಲಿಲ್ಲ, ಆದರೆ ಯಾರು ಯಾವಾಗ ಹೇಳಿದ್ದರು ಅನ್ನುವುದು ದಾಖಲೆಯಲ್ಲಿ ಉಳಿಯಿತು. ಇದರ ತದ್ವಿರುದ್ಧ ಉದಾಹರಣೆ ಇಂಗ್ಲೆಂಡಿನ ಸ್ಟ್ಯಾಫರ್ಡ್‌ನದು. ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳಿಗೆ ನೀರು ಕೊಡುವವರೂ ಇಲ್ಲದ ಸ್ಥಿತಿ ಇತ್ತು. ಆಸ್ಪತ್ರೆಯನ್ನು ಪ್ರಶ್ನಿಸುವ ಅಧಿಕಾರ ಸ್ಥಳೀಯ ಕೌನ್ಸಿಲ್‌ಗಳ ಸಮಿತಿಗಳಿಗೆ ಕಾನೂನಿನಲ್ಲೇ ಇತ್ತು. ಆದರೂ ಆ ಸಮಿತಿಗಳು ಲಕ್ಷಣ ಗುರುತಿಸಲಿಲ್ಲ ಅಂತ ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಬರೆಯಿತು.

ಹಾಗಾಗಿ ಸಭೆಯ ನಡಾವಳಿ ಪುಸ್ತಕವನ್ನು ಹಗುರವಾಗಿ ತಗೋಬೇಡಿ. "ವಿವರವಾಗಿ ಚರ್ಚಿಸಲಾಯಿತು" ಅಂತ ಬರೆದರೆ ಒಪ್ಪಬೇಡಿ. ನೀವು ಕೇಳಿದ ಪ್ರಶ್ನೆ, ಕೊಟ್ಟ ಉತ್ತರ, ಮಾಡುತ್ತೇವೆ ಅಂದ ತಾರೀಕು, ಮಾಡುವವರ ಹುದ್ದೆ, ಇಷ್ಟು ಇರಲೇಬೇಕು. ಮುಂದಿನ ಸಭೆ ಅಲ್ಲಿಂದಲೇ ಶುರುವಾಗಲಿ. ವಾಕರ್ಟನ್‌ನ ಕಮಿಷನರ್‌ಗಳು ಬಿಟ್ಟದ್ದು ಇದೊಂದನ್ನೇ.

ಎಲ್ಲವನ್ನೂ ಒಂದೇ ಸಭೆಯಲ್ಲಿ ಕೇಳಲು ಹೋಗಬೇಡಿ, ಎಲ್ಲರೂ ಬಿಗಿದುಕೊಳ್ಳುತ್ತಾರೆ. ಈ ತಿಂಗಳು ಕ್ಲೋರಿನ್ ರಿಜಿಸ್ಟರ್ ಒಂದನ್ನೇ ತರಿಸಿ, ಮೂರು ತಿಂಗಳದ್ದು. ನಲವತ್ತು ಪುಟದ ರಿಪೋರ್ಟ್ ಪಕ್ಕಕ್ಕಿಟ್ಟು ಹತ್ತು ನಿಮಿಷ ಅದನ್ನು ತಿರುವಿ. ಅಂಕಿ ಏರಿಳಿದಿದೆಯಾ, ಕೈಬರಹ ಬದಲಾಗಿದೆಯಾ, ಜೋರು ಮಳೆ ಬಂದ ದಿನ ಏನು ಬರೆದಿದ್ದಾರೆ ನೋಡಿ. ರಿಜಿಸ್ಟರ್ ಪಂಪ್‌ಹೌಸಿನಲ್ಲಿದೆ, ತರಲಾಗದು ಅಂದರೆ ಇನ್ನೂ ಒಳ್ಳೆಯದು. ಸಭೆ ಮುಗಿದ ಮೇಲೆ ನೀವೇ ಹೋಗಿ ಬನ್ನಿ. ಕಿಟ್ಟಿನ ಬಾಟಲಿ ಎಲ್ಲಿದೆ ಅಂತ ಕೇಳುವುದನ್ನು ಮರೆಯಬೇಡಿ.